ಬಿಳಿಗಿರಿರಂಗನ ಬೆಟ್ಟ: ಹುಲಿ ಕಾಣಲಿಲ್ಲ, ಭಾವ ಸಿಕ್ಕ

ಅತ್ತೆಗೆ ರಂಗನಾಥನ ದರ್ಶನ ಆಗಬೇಕಿತ್ತು, ನನಗೆ ಕಾಡು ನೋಡಬೇಕಿತ್ತು. ನವೆಂಬರ್‌ನಲ್ಲಿ ಎರಡು ದಿನ ಹೋಗಿ ಬಂದೆವು.

ಬೇಜಾರಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನಾವು ಉಳಿದಿದ್ದ ವಸತಿಯವರು ಫೋನಿನಲ್ಲಿ ‘ಹುಲಿ ಗ್ಯಾರಂಟಿ ಮೇಡಂ’ ಅಂದಿದ್ದರು. ಕಾಡಿನ ಹುಲಿಗೆ ಇವರೇನು ಗ್ಯಾರಂಟಿ ಕೊಡೋದು? ಬಿಸಿನೀರಿಗೂ ಕೊಟ್ಟಿದ್ದರು, ಅದೂ ಬರಲಿಲ್ಲ.

ಆದರೆ ಬೆಟ್ಟದ ಕಾಡಿನೊಳಗಿನ ಕೆ.ಗುಡಿಯ (ಕ್ಯಾತೆದೇವರ ಗುಡಿ) ಬೆಳಗಿನ ಸಫಾರಿ ತಪ್ಪಿಸಬೇಡಿ. ಸ್ವೆಟರ್ ಹಾಕಿಕೊಂಡೂ ನಡುಗಿದೆ. ಒಂದು ತಿರುವಿನಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿತ್ತು. ಮೈಯೆಲ್ಲ ಕಪ್ಪು, ಮೊಣಕಾಲಿಂದ ಕೆಳಗೆ ಸುಣ್ಣ ಬಳಿದಂತೆ ಬಿಳಿ. ಡ್ರೈವರ್ ಇಂಜಿನ್ ಆಫ್ ಮಾಡಿದರು. ಜೀಪಿನಲ್ಲಿದ್ದ ಒಬ್ಬರು ‘ಹುಲಿ ಎಲ್ಲಿ?’ ಅಂತ ಮೂರನೇ ಸಲ ಕೇಳಿದಾಗ ಅದು ಮೂತಿ ತಿರುಗಿಸಿ ಪೊದೆಯೊಳಗೆ ನುಗ್ಗಿತು.

ಆ ಪೊದೆ ಲಂಟಾನ, ಹೊರದೇಶದಿಂದ ಬಂದ ಕಳೆ. ದಾರಿಯುದ್ದಕ್ಕೂ ಅದೇ. ನೋಡೋಕೆ ಹಸಿರು, ಆದರೆ ಅದರ ಕೆಳಗೆ ಹುಲ್ಲು ಬೆಳೆಯೋದು ಕಷ್ಟ. ನಮ್ಮ ಜೊತೆ ಬಂದ ಗೈಡ್ ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು, ಅವರು ವಿವರಿಸಿದರು: ‘ಮೊದ್ಲು ಬೇಸಿಗೆ ಬಿಸಿಲು ಏರೋಕ್ಕೆ ಮುಂಚೆ ತರಗು ಬೆಂಕಿ ಹಾಕ್ತಿದ್ರಂತೆ ಅಕ್ಕಾ. ಒಣಗಿದ ಎಲೆ ಮಾತ್ರ ಸುಟ್ಟು ಆರೋಗದು. ಲಂಟಾನ ಸಸಿನೂ ಸಾಯದು. ಅಭಯಾರಣ್ಯ ಆದ್ಮೇಲೆ ಅದು ನಿಂತೋಯ್ತು.’ 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಕಾಡಿನ ಮೇಲೆ ಸಮುದಾಯದ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿಕಾಯಿ ತೆಗೆಯೋದು ಅದರಲ್ಲಿ ಸೇರಿದೆ. ಇಂಥ ಮಾತು ಕೇಳಿದ ಮೇಲೆ ಹುಲಿ ಬೇಕು ಅಂತ ನನಗೇನೂ ಅನ್ನಿಸಲಿಲ್ಲ. (ಸುಳ್ಳು. ಸ್ವಲ್ಪ ಅನ್ನಿಸಿತು.)

ದೇವಸ್ಥಾನ ಬಂಡೆಯ ಅಂಚಿನಲ್ಲಿದೆ. ಮೆಟ್ಟಿಲು ಹತ್ತೋಕೆ ಅತ್ತೆಗೆ ಮಂಡಿ ನೋವು, ನಾಲ್ಕು ಸಲ ಕೂತರು. ಆಗ ಗೈಡ್ ಅಂದರು, ‘ರಂಗ ನಮಗೆ ಭಾವ ಆಗ್ಬೇಕು ಅಮ್ಮಾ. ನಮ್ಮ ಸೋಲಿಗರ ಹುಡುಗಿ ಕುಸುಮಾಲೆನ ಮದ್ವೆ ಆಗವ್ನೆ.’

ಅತ್ತೆ ತಟ್ಟನೆ, ‘ಹಂಗಾದ್ರೆ ಇದು ಅವನ ಮಾವನ ಮನೆ ಅಲ್ವಾ? ಅದಕ್ಕೇ ಇಲ್ಲೇ ಕೂತ್ಬಿಟ್ಟಿದಾನೆ!’ ಅಂದರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಉಳಿದ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದರು.

ಹೋಗುವವರು ಕತ್ತಲಾಗೋ ಮುಂಚೆ ಚೆಕ್‌ಪೋಸ್ಟ್ ದಾಟಿಬಿಡಿ, ಕಾಡಿನ ರಸ್ತೆ ಆನೆಗಳದ್ದೂ ಹೌದು. ನಾವಂತೂ ಮತ್ತೆ ಹೋಗುತ್ತೇವೆ. ವಸತಿ ಬೇರೆ, ಗೈಡ್ ಅವರೇ.