ಹೊಸ ವರ್ಟಸ್, ಬಳಸಿದ ಪೋಲೊ: ನನ್ನ ದುಡ್ಡಿಗೆ ಹಳೆಯದೇ ಸರಿ

ಫೋಕ್ಸ್‌ವ್ಯಾಗನ್ ಕಾರೇ ಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹೊಸದೋ ಬಳಸಿದ್ದೋ ಎಂಬಲ್ಲಿ ಮಾತ್ರ ದಾರಿ ಕವಲೊಡೆಯಿತು. ನನ್ನ ತಮ್ಮ ವರ್ಟಸ್ ಎಂಬ ಹೊಸ ಸೆಡಾನ್ ಕೊಂಡ. ನಾನು 2021ರ ಪೋಲೊ ಹ್ಯಾಚ್‌ಬ್ಯಾಕ್ ಒಂದಕ್ಕೆ ಎರಡನೆಯ ಮಾಲೀಕನಾದೆ. ಎರಡರಲ್ಲೂ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಮತ್ತು ಆರು ಗೇರುಗಳ ಮ್ಯಾನುಯಲ್ ಇದೆ, ಎರಡೂ ಪುಣೆ ಬಳಿಯ ಚಾಕಣ ಕಾರ್ಖಾನೆಯಿಂದಲೇ ಬಂದವು. ಬೆಂಗಳೂರಿನ ದಟ್ಟಣೆಯಲ್ಲೂ ಊರಿನ ಘಟ್ಟದ ದಾರಿಯಲ್ಲೂ ಇಬ್ಬರೂ ಕಾರುಗಳನ್ನು ಅದಲು ಬದಲು ಮಾಡಿಕೊಂಡು ಓಡಿಸಿದ್ದೇವೆ. ನನ್ನ ಒಲವು ಪೋಲೊ ಕಡೆಗೇ ಇದೆ ಎಂಬುದನ್ನು ಓದುಗರು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಬಹುದು.

ಒಲವಿಗೆ ಮೊದಲ ಕಾರಣ ಹಣ. ವರ್ಟಸ್ 2022ರ ಜೂನ್‌ನಲ್ಲಿ ಬಿಡುಗಡೆಯಾದಾಗ ಅದರ ಆರಂಭಿಕ ಬೆಲೆ ಸುಮಾರು 11.2 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ನಡುವಿನ ಕಾರಿಗೆ ಶೇ 17ರಷ್ಟು ಆಜೀವ ತೆರಿಗೆಯಿದೆ, ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್ ಬೇರೆ. ಹಾಗಾಗಿ ಆ ಬೆಲೆಯ ಅತ್ಯಂತ ಕೆಳಗಿನ ಮಾದರಿಗೂ ರಸ್ತೆಗಿಳಿಯುವ ಮೊದಲೇ ಎರಡು ಲಕ್ಷಕ್ಕಿಂತ ಹೆಚ್ಚು ಸರ್ಕಾರಕ್ಕೆ ಹೋಗುತ್ತದೆ. ಎಂಜಿನ್ 999 ಸಿಸಿಯದ್ದೇ ಆದರೂ ಉದ್ದ ನಾಲ್ಕು ಮೀಟರ್ ದಾಟಿರುವುದರಿಂದ ಸಣ್ಣ ಕಾರುಗಳಿಗೆ ಸಿಗುವ ಶೇ 18ರ ಜಿಎಸ್‌ಟಿಯ ಲಾಭ ವರ್ಟಸ್‌ಗೆ ಇಲ್ಲ. 2025ರ ಸೆಪ್ಟೆಂಬರ್ 22ರ ಪರಿಷ್ಕರಣೆಯ ನಂತರವೂ ಅದರ ದರ ಶೇ 40. ಇಲ್ಲಿಯೇ ನೋಂದಣಿಯಾದ ಹಳೆಯ ಕಾರಿನಲ್ಲಾದರೆ ಈ ಹೊರೆಯನ್ನೆಲ್ಲ ಮೊದಲ ಮಾಲೀಕ ಹೊತ್ತು ಮುಗಿಸಿರುತ್ತಾನೆ, ಕೊಳ್ಳುವವನಿಗೆ ಉಳಿಯುವುದು ವರ್ಗಾವಣೆಯ ಶುಲ್ಕವಷ್ಟೆ. ನನ್ನ ಮಿತಿ ಎಂಟು ಲಕ್ಷವಾಗಿತ್ತು, ಸಾಲ ಮಾಡುವ ಅಭ್ಯಾಸ ನನಗಿಲ್ಲ.

ಓಡಿಸುವ ಸುಖದಲ್ಲಿ ವ್ಯತ್ಯಾಸ ನಾನು ಎಣಿಸಿದ್ದಕ್ಕಿಂತ ಕಡಿಮೆ. ವರ್ಟಸ್ ಉದ್ದದ ಕಾರು, ಹೆದ್ದಾರಿಯಲ್ಲಿ ಹೆಚ್ಚು ನಿಶ್ಶಬ್ದ, ಹಿಂದಿನ ಸೀಟಿನಲ್ಲಿ ಕಾಲು ಚಾಚಬಹುದು. ಪೋಲೊದ ಹಿಂದಿನ ಸೀಟಿನ ಬಗ್ಗೆ ನಮ್ಮ ತಾಯಿಯ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ಆದರೆ ಘಟ್ಟದ ಹಿಮ್ಮುರಿ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ಎಳೆದಾಗ ಗಿಡ್ಡ ಪೋಲೊ ತಿರುಗುವ ಚುರುಕು ತಮ್ಮನ ಕಾರಿಗೆ ಇಲ್ಲ ಎಂದು ಅವನೂ ಒಪ್ಪುತ್ತಾನೆ. ಬಾಗಿಲು ಮುಚ್ಚಿದಾಗಿನ ಆ ಗಟ್ಟಿ ಸದ್ದು, ನನ್ನ ಕಿವಿಗೆ, ಹಳೆಯದರಲ್ಲೇ ಚೆನ್ನಾಗಿದೆ.

ಬಳಸಿದ ಕಾರಿನ ನಿಜವಾದ ಕಿರಿಕಿರಿ ಕಾರಿನಲ್ಲಿರಲಿಲ್ಲ, ಅದರ ಕಾಗದಪತ್ರಗಳಲ್ಲಿತ್ತು. ನನಗೆ ಒಪ್ಪಿಗೆಯಾದ ಪೋಲೊ ಮಹಾರಾಷ್ಟ್ರ ನೋಂದಣಿಯದ್ದು. ಮೊದಲ ಮಾಲೀಕರು ಸಾಲವನ್ನು ಪೂರ್ತಿ ತೀರಿಸಿದ್ದರೂ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಅದನ್ನು ತೆಗೆಸಲು ಬ್ಯಾಂಕು ಸಹಿ ಮಾಡಿದ ಫಾರ್ಮ್ 35 ಮತ್ತು ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರದ ಅವಧಿ ಮೂರು ತಿಂಗಳು ಮಾತ್ರ, ಅವರ ಕಪಾಟಿನಲ್ಲಿದ್ದ ಪತ್ರದ ಅವಧಿ ಎಂದೋ ಮುಗಿದಿತ್ತು. ಸಾಲ ತೀರಿದ ಖಾತೆಯ ಕಡತವನ್ನು ಮತ್ತೆ ಹುಡುಕಿ ತೆಗೆಯುವ ಉತ್ಸಾಹ ಯಾವ ಶಾಖೆಗೂ ಇರುವುದಿಲ್ಲವಾದ್ದರಿಂದ ಹೊಸ ಪತ್ರ ಕೈಸೇರುವುದಕ್ಕೇ ವಾರಗಳು ಹಿಡಿದವು.

ಬ್ಯಾಂಕಿನ ಹೆಸರು ಹೋದ ಮೇಲೆ, ಬೇರೆ ರಾಜ್ಯಕ್ಕೆ ಒಯ್ಯಲು ಆರ್‌ಟಿಒದಿಂದ ಬೇಕಾದ ಎನ್‌ಒಸಿಗೆ ಫಾರ್ಮ್ 28ರಲ್ಲಿ ಅರ್ಜಿ ಹಾಕಬೇಕಾಯಿತು. ಅದಕ್ಕೆ ಪೆನ್ಸಿಲ್ ಉಜ್ಜಿ ತೆಗೆದ ಚಾಸಿ ಸಂಖ್ಯೆಯ ಅಚ್ಚು ಬೇಕು, ಕಾರು ಕಳವಿನದ್ದಲ್ಲ ಎಂಬ ಖಾತರಿ ಬೇಕು, ಬಾಕಿ ದಂಡ ಒಂದೂ ಇರಕೂಡದು. ಪುಣೆಯ ಯಾವುದೋ ಸಿಗ್ನಲ್ಲಿನಲ್ಲಿ ಬಿದ್ದಿದ್ದ ಒಂದು ಇ-ಚಲನ್ ಈ ಹಂತದಲ್ಲಿ ಮೇಲೆದ್ದು ಬಂತು. ಮಾರಿದ ವ್ಯಾಪಾರಿ, ಹಣ ಕೈಸೇರುವವರೆಗೆ ದಿನಕ್ಕೆರಡು ಬಾರಿ ಕರೆ ಮಾಡುತ್ತಿದ್ದವರು, ಆಮೇಲೆ ಪ್ರತಿ ವಿಚಾರಣೆಗೂ ‘ಪ್ರೊಸೆಸ್‌ನಲ್ಲಿದೆ ಸರ್’ ಎಂಬ ಒಂದೇ ಉತ್ತರದಲ್ಲಿ ನೆಲೆನಿಂತರು. ಅಷ್ಟು ದಿನವೂ ವಿಮೆ ಹಳೆಯ ಮಾಲೀಕರ ಹೆಸರಿನಲ್ಲೇ ಇತ್ತು. ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಕಾರಿನೊಂದಿಗೆ ಕಾನೂನಿನಂತೆಯೇ ಬರುತ್ತದೆ. ಆದರೆ ಸ್ವಂತ ಕಾರಿಗೆ ಪೆಟ್ಟಾದರೆ ಪರಿಹಾರ ಕೇಳಲು ಪಾಲಿಸಿ ನಮ್ಮ ಹೆಸರಿಗೆ ಬಂದಿರಬೇಕು, ಹೆಸರು ಬದಲಿಸಲು ಸಾಮಾನ್ಯವಾಗಿ ಬದಲಾದ ಆರ್‌ಸಿ ಕೇಳುತ್ತಾರೆ. ಹೀಗಾಗಿ ದುಡ್ಡು ಕೊಟ್ಟು ತಂದ ಕಾರು ಮನೆ ಮುಂದಿನ ಹೊಂಗೆ ಮರದ ಕೆಳಗೆ ಹೂವುದುರಿಸಿಕೊಂಡು ನಿಂತಿತ್ತು, ನಾನು ಮೆಟ್ರೊದಲ್ಲಿ ಓಡಾಡುತ್ತಿದ್ದೆ.

ಎನ್‌ಒಸಿ ಬಂದ ಮೇಲೆ ಇಲ್ಲಿನ ಸರದಿ: ಹೊಸ ಸಂಖ್ಯೆಗೆ ಫಾರ್ಮ್ 27, ವರ್ಗಾವಣೆಗೆ 29 ಮತ್ತು 30, ನಿರೀಕ್ಷಕರ ಮುಂದೆ ಕಾರನ್ನು ಒಯ್ದು ತೋರಿಸುವುದು, ಹೊಸ ಎಚ್‌ಎಸ್‌ಆರ್‌ಪಿ ಫಲಕ. ಕರ್ನಾಟಕದ ತೆರಿಗೆಯನ್ನು ನಾನು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ ಹಾಕಿ, ವಯಸ್ಸಿಗೆ ತಕ್ಕಷ್ಟು ಕಡಿತ ಮಾಡುತ್ತಾರೆ. ಹತ್ತು ಲಕ್ಷದೊಳಗಿನ ಕಾರಾದ್ದರಿಂದ ನನಗೆ ಶೇ 14ರ ಹಂತ ಅನ್ವಯಿಸಿತು. ಮಹಾರಾಷ್ಟ್ರದಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಬಳಸದೆ ಉಳಿದ ಪಾಲನ್ನು ಅಲ್ಲಿಂದ ವಾಪಸು ಪಡೆಯಲು ಅವಕಾಶವಿದೆ, ಆದರೆ ಅದಕ್ಕೆ ಮತ್ತೊಂದು ಸುತ್ತಿನ ಅರ್ಜಿ ಬೇಕು. ಅದರ ಆಸೆ ಬಿಟ್ಟಿದ್ದೇನೆ. ತಮ್ಮನ ವಿಷಯದಲ್ಲಿ ಇದಾವುದೂ ಇಲ್ಲ: ಶೋರೂಮಿನವರೇ ಎಲ್ಲ ಮುಗಿಸಿ, ಕಾರಿಗೆ ಹಾರ ಹಾಕಿ ಕೀಲಿ ಕೊಟ್ಟರು. ಈ ಒಂದು ಅಂಶದಲ್ಲಿ ಹೊಸ ಕಾರಿನ ಎದುರು ಹಳೆಯದು ನಿಲ್ಲುವುದೇ ಇಲ್ಲ.

ಕಾರಿನ ಪರೀಕ್ಷೆ ಇಷ್ಟು ಕಷ್ಟದ್ದಲ್ಲ. ಮೀಟರಿನ ಅಂಕಿಯನ್ನು ನಾನು ನಂಬುವುದಿಲ್ಲ, ಕಂಪನಿಯ ಸರ್ವಿಸ್ ದಾಖಲೆಯಲ್ಲಿ ಪ್ರತಿ ಸಲ ಬರೆದ ಕಿಲೋಮೀಟರ್ ನೋಡುತ್ತೇನೆ. ಟೈರಿನ ಅಂಚಿನಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಕಡಿಮೆ ಓಡಿದೆ ಎನ್ನುವ ಕಾರಿನ ನಾಲ್ಕೂ ಟೈರುಗಳು ಈ ವರ್ಷದವಾಗಿದ್ದರೆ ಕಾರಣ ಕೇಳಬೇಕು. ಗಾಜುಗಳ ಮೂಲೆಯಲ್ಲೂ ತಯಾರಿಕೆಯ ವರ್ಷದ ಗುರುತಿರುತ್ತದೆ: ನಾನು ಬಿಟ್ಟುಬಂದ ಒಂದು ಪೋಲೊದಲ್ಲಿ ಐದು ಗಾಜು ಒಂದು ವರ್ಷದವು, ಎಡಗಡೆಯ ಹಿಂಬಾಗಿಲಿನದು ಮಾತ್ರ ಬೇರೆ ವರ್ಷದ್ದು, ಆ ಬಾಗಿಲಿನ ರಬ್ಬರ್ ಸರಿಸಿದಾಗ ಅಂಚಿನಲ್ಲಿ ಮೂಲ ಬಣ್ಣದ ಮೇಲೆ ಇನ್ನೊಂದು ಪದರ ಬಣ್ಣ ಬೆರಳಿಗೆ ತಾಕಿತು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುವುದೂ ಒಳ್ಳೆಯದು, ನೆರೆಯಲ್ಲಿ ಮುಳುಗಿದ ಕಾರಿನ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ.

ಹಳೆಯ ಪೋಲೊಗಳೆಲ್ಲ ಒಂದೇ ಅಲ್ಲ. 2013ರಲ್ಲಿ ಬಂದ, ಟರ್ಬೊ ಪೆಟ್ರೋಲ್ ಎಂಜಿನ್ನಿನ ಜಿಟಿ ಟಿಎಸ್‌ಐಯಲ್ಲಿ ಒಣ ಕ್ಲಚ್ಚಿನ ಏಳು ಗೇರುಗಳ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಇದೆ. ಓಡಿಸಲು ಬಲು ಸೊಗಸು, ಆದರೆ ಅಡಿಯಡಿಗೂ ನಿಲ್ಲುವ ದಟ್ಟಣೆ ಒಣ ಕ್ಲಚ್ಚಿಗೆ ಆಗಿಬರುವುದಿಲ್ಲ, ವಾರಂಟಿ ಮುಗಿದ ಮೇಲೆ ಗೇರು ಬದಲಾವಣೆಯನ್ನು ನಿಯಂತ್ರಿಸುವ ಅದರ ಮೆಕಾಟ್ರಾನಿಕ್ ಘಟಕದ ರಿಪೇರಿ ಬಲು ದುಬಾರಿ. ಆಟೊಮ್ಯಾಟಿಕ್ಕೇ ಬೇಕೆನ್ನುವವರು 2020ರ ನಂತರದ ಒಂದು ಲೀಟರ್ ಟಿಎಸ್‌ಐ ನೋಡಲಿ, ಅದರಲ್ಲಿರುವುದು ಒಣ ಕ್ಲಚ್ಚಿನ ಬದಲು ದ್ರವದ ಮೂಲಕ ಬಲ ಸಾಗಿಸುವ ಟಾರ್ಕ್ ಕನ್ವರ್ಟರ್. ಡೀಸೆಲ್ ಪೋಲೊ 2020ರ ಏಪ್ರಿಲ್‌ಗೆ ನಿಂತುಹೋಯಿತು. ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಿಸಕೂಡದೆಂದು ದೆಹಲಿಯಲ್ಲಿದ್ದ ನಿಯಮದ ಕಾರಣಕ್ಕೆ ಅಲ್ಲಿಂದ ಅಗ್ಗವಾಗಿ ಇಳಿದು ಬಂದ ಡೀಸೆಲ್ ಕಾರುಗಳನ್ನು ನಾನು ಮುಟ್ಟುವುದಿಲ್ಲ.

ಬಿಡಿಭಾಗಗಳ ಚಿಂತೆ ಸದ್ಯಕ್ಕೆ ಇಲ್ಲ. 2010ರಿಂದ ಇಲ್ಲಿ ಮಾರಾಟವಾದ ಪೋಲೊ 2022ರಲ್ಲಿ ನಿಂತರೂ ಆ ಕೊನೆಯ ವರ್ಷಗಳ ಎಂಜಿನ್ ಕುಟುಂಬವೇ ಇಂದು ವರ್ಟಸ್, ಟೈಗುನ್‌ಗಳಲ್ಲಿದೆ. ಇಂಧನದ ವಿಷಯದಲ್ಲಿ ಹೊಸದಕ್ಕೆ ಮೇಲುಗೈ: 2023ರ ನಂತರದ ವರ್ಟಸ್ ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಹೊಂದುವಂತೆ ತಯಾರಾದದ್ದು, ನನ್ನದು ಅದಕ್ಕೂ ಮೊದಲಿನದು. ಸುರಕ್ಷತೆಯಲ್ಲಂತೂ ಚರ್ಚೆಯೇ ಇಲ್ಲ. 2014ರಲ್ಲಿ ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ, ಎರಡು ಏರ್‌ಬ್ಯಾಗಿನ ಪೋಲೊಗೆ ನಾಲ್ಕು ತಾರೆ ಬಂದವು. ವರ್ಟಸ್ 2023ರಲ್ಲಿ, ಅದಕ್ಕಿಂತ ಕಠಿಣವಾದ ಪರೀಕ್ಷೆಯಲ್ಲಿ ಐದು ತಾರೆ ಪಡೆಯಿತು. ದಿನವೂ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವವರು ನನ್ನ ಲೆಕ್ಕಾಚಾರವನ್ನು ಪಕ್ಕಕ್ಕಿಡಲಿ. ತಮ್ಮ ಹೊಸದು ಕೊಂಡದ್ದು ಅದೇ ಕಾರಣಕ್ಕೆ.

ನಾನು ಬಹುತೇಕ ಒಬ್ಬನೇ ಓಡಾಡುವವನು, ವಾರದ ದಿನಗಳಲ್ಲಿ ಕಾರು ತೆಗೆಯುವುದು ಅಪರೂಪ, ಊರಿಗೆ ಹೋಗುವಾಗ ಘಟ್ಟ ಹತ್ತಬೇಕು, ಕೊಂಡ ಕಾರನ್ನು ಏಳೆಂಟು ವರ್ಷ ಬಿಡುವುದಿಲ್ಲ. ಇಂಥವನಿಗೆ ವರ್ಟಸ್‌ನ ಉದ್ದವೂ ಅದರ ಆನ್‌ರೋಡ್ ಬೆಲೆಯೂ ದಂಡ. ತೆರಿಗೆ, ವಿಮೆ, ಹೊಸ ಟೈರು, ದಂಡದ ಚಲನ್ ಎಲ್ಲ ಸೇರಿಸಿದ ಮೇಲೂ ಪೋಲೊ ನನ್ನ ಎಂಟು ಲಕ್ಷದೊಳಗೇ ಮುಗಿಯಿತು. ಮುಂದೊಮ್ಮೆ ಬದಲಿಸುವ ಕಾಲ ಬಂದರೆ ನಾನು ಹುಡುಕುವುದು ಯಾರಾದರೂ ನಾಲ್ಕು ವರ್ಷ ಓಡಿಸಿದ ವರ್ಟಸ್‌ನ್ನೇ. ಅದು ಕೆಎ ನೋಂದಣಿಯದ್ದಾಗಿರಬೇಕು, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರಕೂಡದು.