ಹಡ್ಸನ್ ನದಿಯ ಐಸ್‌ಬೋಟ್‌ಗಳು: ಹಳೆಯ ಮರದ ದೋಣಿಯೇ, ಡಿಎನ್ ದೋಣಿಯೇ?

ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ಗಟ್ಟಿಯಾಗಿ ಹೆಪ್ಪುಗಟ್ಟುವ ಚಳಿಗಾಲಗಳಲ್ಲಿ ಬ್ಯಾರಿಟೌನ್, ಟಿವೋಲಿಗಳ ದಡದ ಬಳಿ ಎರಡು ಬಗೆಯ ಐಸ್‌ಬೋಟ್‌ಗಳನ್ನು, ಅಂದರೆ ಗಾಳಿಯ ಬಲದಿಂದ ಮಂಜುಗಡ್ಡೆಯ ಮೇಲೆ ಜಾರುವ ಹಾಯಿದೋಣಿಗಳನ್ನು, ಅಕ್ಕಪಕ್ಕದಲ್ಲಿ ಕಾಣಬಹುದು. ಒಂದು, ಚುಕ್ಕಾಣಿಯ ಅಲಗು (ಮಂಜುಗಡ್ಡೆಯ ಮೇಲೆ ಜಾರುವ ಲೋಹದ ಪಟ್ಟಿ) ಹಿಂಬದಿಯಲ್ಲಿರುವ, 19ನೆಯ ಶತಮಾನದ ವಿನ್ಯಾಸದ ಉದ್ದನೆಯ ಮರದ ದೋಣಿ. ಇನ್ನೊಂದು, ಚುಕ್ಕಾಣಿ ಮುಂಬದಿಯಲ್ಲಿರುವ, ಒಬ್ಬನೇ ನಡೆಸುವ ಪುಟ್ಟ ಡಿಎನ್. ಈ ಕಣಿವೆಯಲ್ಲಿ ನೆಲೆಸಿದ ಮೇಲೆ ಎರಡರಲ್ಲೂ ಸಾಗಿದ್ದೇನೆ, ಎರಡರ ಚುಕ್ಕಾಣಿಯನ್ನೂ ಹಿಡಿದಿದ್ದೇನೆ. ಸ್ವಂತಕ್ಕೆ ಒಂದನ್ನೇ ಇಟ್ಟುಕೊಳ್ಳುವುದಾದರೆ ಡಿಎನ್ ಸರಿಯಾದ ಆಯ್ಕೆ. ಆದರೆ ಈ ನದಿಯ ಮೇಲೆ ಸಾಗುವ ಸುಖಕ್ಕೆ ಹಳೆಯ ದೋಣಿಗೆ ಸಾಟಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ದೋಣಿಯ ರಚನೆ ಸರಳವಾದದ್ದು. ಉದ್ದಕ್ಕೆ ಬೆನ್ನೆಲುಬಿನಂಥ ಒಂದು ತೊಲೆ, ಹಾಯಿಕಂಬದ ಕೆಳಗೆ ಅದಕ್ಕೆ ಅಡ್ಡವಾಗಿ ಒಂದು ಅಗಲ ಹಲಗೆ, ಆ ಹಲಗೆಯ ಎರಡು ತುದಿಗಳಲ್ಲಿ ಒಂದೊಂದು ಎರಕದ ಕಬ್ಬಿಣದ ಅಲಗು, ಹಿಂದುಗಡೆ ತಿರುಗಿಸಬಲ್ಲ ಮೂರನೆಯ ಅಲಗು. ಅದರ ಮೇಲೆಯೇ ಅಂಡಾಕಾರದ ತಟ್ಟೆಯಂಥ ಜಾಗವಿದ್ದು, ನಡೆಸುವವರು ಮೆತ್ತೆಯ ಮೇಲೆ ಒರಗಿ ಮಲಗಿರುತ್ತಾರೆ. 1790ರಲ್ಲಿ ಪೊಕಿಪ್ಸಿಯ ಆಲಿವರ್ ಬೂತ್ ಎಂಬಾತ ಮರದ ಪೆಟ್ಟಿಗೆಯೊಂದಕ್ಕೆ ಮೂರು ಅಲಗುಗಳನ್ನು ಜೋಡಿಸಿ ಹಾಯಿ ಕಟ್ಟಿದನೆಂದು ಹೇಳುತ್ತಾರೆ. ಮುಂದಿನ ಒಂದು ಶತಮಾನದಲ್ಲಿ ಅದೇ ಕಲ್ಪನೆ ದೈತ್ಯಾಕಾರಕ್ಕೆ ಬೆಳೆಯಿತು. ಫ್ರಾಂಕ್ಲಿನ್ ರೂಸ್‌ವೆಲ್ಟರ ಚಿಕ್ಕಪ್ಪ ಜಾನ್ ರೂಸ್‌ವೆಲ್ಟರ ‘ಐಸಿಕಲ್’ ಸುಮಾರು 69 ಅಡಿ ಉದ್ದವಿತ್ತು. 1871ರಲ್ಲಿ ಅದು ದಡದ ಹಳಿಯ ಮೇಲೆ ಓಡುತ್ತಿದ್ದ ಷಿಕಾಗೋ ಎಕ್ಸ್‌ಪ್ರೆಸ್ ರೈಲನ್ನು ಹಿಂದಿಕ್ಕಿತು. 1885ರಲ್ಲಿ ಸ್ಥಾಪನೆಯಾದ ಹಡ್ಸನ್ ರಿವರ್ ಐಸ್ ಯಾಟ್ ಕ್ಲಬ್ಬಿನವರು ಈ ದೋಣಿಗಳನ್ನು ಇಂದಿಗೂ ಕೊಟ್ಟಿಗೆಗಳಿಂದ ಹೊರತೆಗೆದು ನದಿಗೆ ಇಳಿಸುತ್ತಾರೆ. ಆರ್ಚಿಬಾಲ್ಡ್ ರಾಜರ್ಸರ ಹೆಸರಾಂತ ‘ಜ್ಯಾಕ್ ಫ್ರಾಸ್ಟ್’ ಮತ್ತು ನ್ಯೂಜೆರ್ಸಿಯಿಂದ ಬಂದ ‘ರಾಕೆಟ್’ 2014ರ ಚಳಿಗಾಲದ ಕೊನೆಯಲ್ಲಿ ಬ್ಯಾರಿಟೌನ್ ಬಳಿ ಒಟ್ಟಿಗೆ ಹಾಯಿ ಬಿಚ್ಚಿದ್ದು ಇಲ್ಲಿನವರ ಪಾಲಿಗೆ ಹಬ್ಬವೇ ಆಗಿತ್ತು.

ಡಿಎನ್‌ನ ಹುಟ್ಟು ಬೇರೆಯ ರೀತಿಯದು. 1937ರಲ್ಲಿ ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯ ಹವ್ಯಾಸಿ ಕಾರ್ಯಾಗಾರದಲ್ಲಿ, ಸಾಮಾನ್ಯರು ತಾವೇ ಕಟ್ಟಿಕೊಳ್ಳಬಹುದಾದ ದೋಣಿ ಬೇಕೆಂದು ಇದನ್ನು ರೂಪಿಸಿದರು. ಪತ್ರಿಕೆಯ ಹೆಸರಿನ ಮೊದಲಕ್ಷರಗಳೇ ಅದಕ್ಕೆ ಹೆಸರಾದವು. 12 ಅಡಿಯ ಒಡಲು, 8 ಅಡಿಯ ಅಡ್ಡಹಲಗೆ, 60 ಚದರ ಅಡಿಯ ಹಾಯಿ, ಇಷ್ಟೇ.

ಸವಾರಿಯ ವಿಷಯಕ್ಕೆ ಬಂದರೆ, ಎರಡನ್ನೂ ಓಡಿಸುವ ತತ್ತ್ವ ಒಂದೇ. ಮಂಜುಗಡ್ಡೆಯ ಮೇಲೆ ಘರ್ಷಣೆ ತೀರ ಕಡಿಮೆಯಾದ್ದರಿಂದ, ದೋಣಿ ವೇಗ ಪಡೆದಂತೆಲ್ಲ ಅದರ ಓಟದಿಂದಲೇ ಎದುರುಗಾಳಿ ಹುಟ್ಟುತ್ತದೆ. ಆ ಗಾಳಿಯೂ ನಿಜವಾದ ಗಾಳಿಯೂ ಸೇರಿ ಹಾಯಿಗೆ ಇನ್ನಷ್ಟು ಬಲ ಕೊಡುತ್ತವೆ. ಗಾಳಿಗೆ ಓರೆಯಾಗಿ ಸಾಗುವಾಗ ಗಾಳಿಯ ಮೂರು ನಾಲ್ಕು ಪಟ್ಟು ವೇಗ ದೊರೆಯುವುದು ಈ ಕಾರಣದಿಂದಲೇ. ಆದರೆ ಮೈಗೆ ಆಗುವ ಅನುಭವ ಸಂಪೂರ್ಣ ಬೇರೆ. ಡಿಎನ್‌ನಲ್ಲಿ ಮುಳ್ಳಿನ ಬೂಟು ತೊಟ್ಟು, ದೋಣಿಯನ್ನು ತಳ್ಳುತ್ತ ಓಡಿ, ಅದು ವೇಗ ಹಿಡಿದ ಕ್ಷಣದಲ್ಲಿ ಒಳಕ್ಕೆ ಹಾರಿ, ಅಂಗಾತ ಮಲಗಿ, ಹಾಯಿಯ ಹಗ್ಗವನ್ನು ಎಳೆಯುತ್ತ ಹೋಗಬೇಕು. ಹಾಯಿಯ ಕೆಳಗಿನ ಮರ ಮುಖದ ಮೇಲೆಯೇ ಹಾಯುತ್ತದೆ, ಹೆಲ್ಮೆಟ್ಟು ಅಡ್ಡಹಲಗೆಯ ನಡುಕವನ್ನು ನೇರವಾಗಿ ಕಿವಿಗೆ ತಲುಪಿಸುತ್ತದೆ, ನೆಲ ಒಂದು ಗೇಣಿನಷ್ಟು ಕೆಳಗೆ ಬಿಳಿ ಗೆರೆಯಾಗಿ ಹರಿಯುತ್ತದೆ. ಅಲ್ಲಿ ಪ್ರತಿ ಕ್ಷಣವೂ ಕೆಲಸ. ಸುತ್ತ ನೋಡಲು ಬಿಡುವಿಲ್ಲ.

ಹಳೆಯ ದೋಣಿ ಹೊರಡಲು ತಡಮಾಡುತ್ತದೆ. ಭಾರವಾದ ಮರ, ದಪ್ಪ ಬಟ್ಟೆಯ ಹಾಯಿ. ಮಂದ ಗಾಳಿಯಲ್ಲಿ ನಾಲ್ಕು ಜನ ತಳ್ಳಿದರೂ ಕೆಲವೊಮ್ಮೆ ಅದು ಅಲ್ಲಾಡುವುದಿಲ್ಲ. ಒಮ್ಮೆ ಹೊರಟಿತೆಂದರೆ ಮಾತ್ರ ಆ ಭಾರವೇ ಅದರ ಬಲವಾಗುತ್ತದೆ. ಗಾಳಿ ಸಣ್ಣಗಾದರೂ ಓಟ ಕುಂದುವುದಿಲ್ಲ, ಡಿಎನ್‌ನ ಹಲ್ಲು ಕಡಿಸುವ ಉಬ್ಬುತಗ್ಗುಗಳ ಮೇಲೆ ಅದರ ಉದ್ದನೆಯ ಅಲಗುಗಳು ತೇಲಿದಂತೆ ದಾಟುತ್ತವೆ. ಇಬ್ಬರು ಜೊತೆಯಲ್ಲಿ ಮಲಗಿ ಮಾತನಾಡುತ್ತ ಸಾಗಬಹುದು. ಒಂದು ಕಡೆ ಕ್ಯಾಟ್ಸ್‌ಕಿಲ್ ಬೆಟ್ಟಗಳು, ಇನ್ನೊಂದು ಕಡೆ ಇಂದಿಗೂ ಓಡುವ ರೈಲು. ಬೀಸುಗಾಳಿಗೆ ಒಂದು ಬದಿಯ ಅಲಗು ಮೇಲೆದ್ದಾಗ, ಅಡ್ಡಹಲಗೆಯ ಆ ತುದಿಯಲ್ಲಿ ಹಗ್ಗ ಹಿಡಿದು ನಿಂತವನು ಆಳೆತ್ತರಕ್ಕೆ ಏರಿ, ನಿಧಾನವಾಗಿ ಮರಳಿ ಇಳಿಯುವುದನ್ನು ಕೆಳಗಿನಿಂದ ನೋಡುವ ರೋಮಾಂಚನ ಡಿಎನ್‌ನಲ್ಲಿ ನನಗೆ ಸಿಕ್ಕಿಲ್ಲ.

ಆದರೆ ಸುರಕ್ಷತೆಯಲ್ಲಿ ಡಿಎನ್ ನಿಸ್ಸಂದೇಹವಾಗಿ ಮೇಲು. ಜೋರಾದ ಗಾಳಿ ಹಾಯಿಕಂಬವನ್ನು ಮುಂದಕ್ಕೆ ಒತ್ತಿದಾಗ ಹಳೆಯ ದೋಣಿಯ ಹಿಂಭಾಗ ಹಗುರಾಗುತ್ತದೆ, ಚುಕ್ಕಾಣಿಯ ಅಲಗಿನ ಹಿಡಿತ ತಪ್ಪುತ್ತದೆ, ದೋಣಿ ಇದ್ದಕ್ಕಿದ್ದಂತೆ ಗಿರ್ರನೆ ತಿರುಗಿ ಒಳಗಿದ್ದವರನ್ನು ಹೊರಕ್ಕೆ ಎಸೆಯುತ್ತದೆ. ಅದೇ ಒತ್ತಡ ಡಿಎನ್‌ನಲ್ಲಿ ಮುಂದಿನ ಅಲಗನ್ನು ಮಂಜುಗಡ್ಡೆಗೆ ಇನ್ನಷ್ಟು ಊರುವುದರಿಂದ ಹತೋಟಿ ಉಳಿಯುತ್ತದೆ. 1930ರ ದಶಕದಿಂದೀಚೆಗೆ ಪಂದ್ಯಗಳಲ್ಲಿ ಮುಂಚುಕ್ಕಾಣಿಯ ದೋಣಿಗಳೇ ಮೇಲುಗೈ ಪಡೆಯಲು ಇದು ಮುಖ್ಯ ಕಾರಣ.

ಇನ್ನು ಮಂಜುಗಡ್ಡೆಯ ಮಾತು, ನನ್ನ ಮಟ್ಟಿಗೆ ಆಯ್ಕೆಯನ್ನು ನಿರ್ಧರಿಸಿದ್ದು ಇದೇ. ಹಡ್ಸನ್ ಇಲ್ಲಿ ನದಿಯಾದರೂ ಸಮುದ್ರದ ಉಬ್ಬರವಿಳಿತಕ್ಕೆ ಒಳಪಟ್ಟದ್ದು; ನೀರು ದಿನಕ್ಕೆ ಎರಡು ಬಾರಿ ಸುಮಾರು 4 ಅಡಿ ಏರಿ ಇಳಿಯುವುದರಿಂದ ದಡದ ಬಳಿ ಮಂಜುಗಡ್ಡೆ ಸದಾ ಬಿರಿದಿರುತ್ತದೆ, ಹಲಗೆ ಹಾಸಿಯೇ ದಾಟಬೇಕು. ನಡುವಿನ ಹಡಗು ಮಾರ್ಗವನ್ನು ಆಲ್ಬನಿಯವರೆಗೂ ಕೋಸ್ಟ್ ಗಾರ್ಡಿನ ಹಡಗುಗಳು ಒಡೆದು ತೆರೆದಿಡುತ್ತವೆ. ಉಳಿದ ಭಾಗದಲ್ಲಿ ಬೈರಿಗೆಯಿಂದ ಕೊರೆದು ದಪ್ಪ ಅಳೆಯದೆ ಯಾರೂ ದೋಣಿ ಇಳಿಸುವುದಿಲ್ಲ. 4 ಇಂಚು ಗಟ್ಟಿ ಕಪ್ಪು ಮಂಜುಗಡ್ಡೆ (ಕೆಳಗಿನ ನೀರು ಕಪ್ಪಾಗಿ ಕಾಣುವಷ್ಟು ತಿಳಿಯಾದದ್ದು) ಇದ್ದರೆ ಡಿಎನ್ ಸಾಗಬಹುದು; ದೊಡ್ಡ ದೋಣಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಅಂಥ ನದಿ ಸಿಗದ ಚಳಿಗಾಲಗಳೇ ಹೆಚ್ಚು. ನದಿ ಹೆಪ್ಪುಗಟ್ಟದಿದ್ದರೆ ಡಿಎನ್ ಅನ್ನು ಕಾರಿನ ಮೇಲೆ ಕಟ್ಟಿಕೊಂಡು ನ್ಯೂಬರ್ಗ್ ಬಳಿಯ ಆರೆಂಜ್ ಸರೋವರಕ್ಕೋ ಇನ್ನೂ ಉತ್ತರಕ್ಕೋ ಒಬ್ಬನೇ ಹೋಗಬಹುದು. ಹಳೆಯ ದೊಡ್ಡ ದೋಣಿಗೆ ಲಾರಿ ಬೇಕು, ಹತ್ತಾರು ಕೈಗಳು ಬೇಕು, ಜೋಡಿಸುವುದಕ್ಕೇ ಅರ್ಧ ದಿನ ಬೇಕು.

ಅಲಗು ಹರಿತಗೊಳಿಸುವ ಕೆಲಸ ಎರಡಕ್ಕೂ ತಪ್ಪಿದ್ದಲ್ಲ. ಅಲಗಿನ ಅಂಚಿಗೆ ಉಗುರನ್ನು ಮೆಲ್ಲನೆ ತಾಗಿಸಿದರೆ ಉಗುರಿನಿಂದ ಸಣ್ಣ ಹೊಟ್ಟು ಏಳಬೇಕು. ಏಳದಿದ್ದರೆ ಮತ್ತೆ ಸಾಣೆ ಹಿಡಿಯಬೇಕು.

ಪೊಕಿಪ್ಸಿಯ ಸುತ್ತಮುತ್ತ ಕೆಲಸದ ನಿಮಿತ್ತ ನೆಲೆಸಿರುವ ಕನ್ನಡಿಗರಲ್ಲಿ ನನ್ನ ಸಲಹೆಯಿಷ್ಟು. ಮೊದಲ ಸವಾರಿಯನ್ನು ಹಳೆಯ ದೋಣಿಯಲ್ಲೇ ಮಾಡಿ. ದೋಣಿ ಜೋಡಿಸುವಾಗ ದಡದಲ್ಲಿ ನಿಂತು ಕೈಜೋಡಿಸುವವರನ್ನು ಹತ್ತಿಸಿಕೊಳ್ಳಲು ಅಲ್ಲಿನವರು ಹಿಂಜರಿಯುವುದಿಲ್ಲ. ಹೆಲ್ಮೆಟ್ಟು, ಮುಳ್ಳಿನ ಬೂಟು, ನೀರಿಗೆ ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೆ ಬರಲು ಕೊರಳಲ್ಲಿ ಒಂದು ಜೊತೆ ಮೊನೆಗೂಟ, ಇವಿಲ್ಲದೆ ಇಳಿಯಬೇಡಿ. ಆ ಸವಾರಿಯ ನಂತರವೂ ಆಸಕ್ತಿ ಉಳಿದರೆ ಬಳಸಿದ ಡಿಎನ್ ಒಂದನ್ನು ಬೇಸಿಗೆಯಲ್ಲೇ ಹುಡುಕಿ ಕೊಳ್ಳಿ, ಏಕೆಂದರೆ ನದಿ ಹೆಪ್ಪುಗಟ್ಟಿದ ವಾರದಲ್ಲಿ ಒಳ್ಳೆಯ ದೋಣಿಯನ್ನು ಯಾರೂ ಮಾರುವುದಿಲ್ಲ.