‘ಪಾಪ ಪಾಂಡು’ ಪಾಡ್‌ಕಾಸ್ಟಿಗೆ ಒದಗಿಬಂದ ಮೈಕ್: ಸ್ಯಾಮ್ಸನ್ ಕ್ಯೂ2ಯು

ಸ್ಯಾಮ್ಸನ್ ಕ್ಯೂ2ಯು ಮೈಕನ್ನು ನಾನು ಕೊಂಡದ್ದು ಒಂದೇ ಒಂದು ಕೆಲಸಕ್ಕೆ. ‘ಪಾಪ ಪಾಂಡು’ ಧಾರಾವಾಹಿಯ ಬಗ್ಗೆ ನಾನೂ ನನ್ನ ತಂಗಿಯೂ ವಾರಕ್ಕೊಮ್ಮೆ ಕೂತು ಮಾತನಾಡುವ ಪಾಡ್‌ಕಾಸ್ಟ್ ಶುರುಮಾಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ಎಂಟು ತಿಂಗಳು ಈ ಮೈಕನ್ನು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಾಡು ಹೇಳುವವರಿಗೆ ಅಥವಾ ವಾದ್ಯ ನುಡಿಸುವವರಿಗೆ ಈ ಮೈಕ್ ಹೇಗೆ ಎಂಬುದು ನನ್ನ ಅನುಭವಕ್ಕೆ ಬಂದಿಲ್ಲ. ಇಬ್ಬರು ಮನೆಯಲ್ಲಿ ಕೂತು, ತಮಗೆ ಪ್ರಾಣವಾದ ಹಾಸ್ಯ ಧಾರಾವಾಹಿಯೊಂದರ ಬಗ್ಗೆ ಮಾತನಾಡುತ್ತ, ನಡುನಡುವೆ ತಡೆಯಲಾರದೆ ನಗುವ ಕೆಲಸಕ್ಕೆ ಇದು ಹೇಗಿದೆ ಎಂಬುದನ್ನಷ್ಟೇ ಹೇಳುತ್ತೇನೆ.

ಧಾರಾವಾಹಿಯ ಬಗ್ಗೆ ಎರಡು ಮಾತು ಹೇಳದೆ ಮೈಕಿನ ಗುಣ ವಿವರಿಸಲಾಗದು. 2000ದ ಡಿಸೆಂಬರಿನಲ್ಲಿ ಆರಂಭವಾಗಿ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡ ಈಟಿವಿ ಕನ್ನಡ ವಾಹಿನಿಯಲ್ಲಿ ‘ಪಾಪ ಪಾಂಡು’ ಬರುತ್ತಿದ್ದ ಕಾಲಕ್ಕೆ ನಾವಿಬ್ಬರೂ ಶಾಲೆಯಲ್ಲಿದ್ದೆವು. ದೂರದರ್ಶನದ ‘ಸಿಹಿ ಕಹಿ’ ಧಾರಾವಾಹಿಯನ್ನೇ ತಮ್ಮ ಹೆಸರಿನ ಭಾಗವಾಗಿ ಮಾಡಿಕೊಂಡ ಸಿಹಿ ಕಹಿ ಚಂದ್ರು ಅದನ್ನು ನಿರ್ದೇಶಿಸಿದರು. ಚಿದಾನಂದ್ ಅವರ ಪಾಂಡುವೂ ಶಾಲಿನಿ ಅವರ ಶ್ರೀಮತಿಯೂ ಕನ್ನಡದ ಮನೆಮನೆಯ ದಂಪತಿಗಳಾದರು. ಆ ಧಾರಾವಾಹಿಯ ಹಾಸ್ಯದಲ್ಲಿ ಹೆಚ್ಚಿನ ಪಾಲು ದನಿಯದು ಎಂಬುದು ನನ್ನ ದೃಢವಾದ ನಂಬಿಕೆ. ನಮ್ಮ ಅಮ್ಮ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ, ಪರದೆಯತ್ತ ನೋಡದೆಯೇ ಪೂರ್ತಿ ಕಂತನ್ನು ಕೇಳಿ ನಗುತ್ತಿದ್ದರು. ಶ್ರೀಮತಿಯ ದನಿ ಒಮ್ಮೆಲೇ ಏರುವುದು, ಪಾಂಡುವಿನ ದನಿ ಅದರೆದುರು ಗಂಟಲಲ್ಲೇ ಕುಸಿಯುವುದು, ಆ ಎರಡರ ನಡುವಿನ ಅರೆಕ್ಷಣದ ಮೌನ, ಇವು ಮೂರೂ ಕೇಳುಗರಿಗೆ ಮುಟ್ಟದೆ ಹೋದರೆ ಈ ಧಾರಾವಾಹಿಯ ಬಗ್ಗೆ ಪಾಡ್‌ಕಾಸ್ಟ್ ಮಾಡಿ ಪ್ರಯೋಜನವಿಲ್ಲ.

ಕ್ಯೂ2ಯು ನಮ್ಮ ಮೊದಲ ಮೈಕ್ ಅಲ್ಲ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ‘ಸ್ಟುಡಿಯೋ ಕ್ವಾಲಿಟಿ’ ಎಂದು ಒತ್ತಿ ಹೇಳಿ ಕೊಟ್ಟ ಒಂದು ಕಂಡೆನ್ಸರ್ ಮೈಕಿನಿಂದ ನಾವು ಆರಂಭಿಸಿದೆವು. ಬಸವನಗುಡಿಯ ನಮ್ಮ ಮನೆಯ ಮುಂಗೋಣೆಯಲ್ಲಿ ಕೂತು ಮೊದಲ ಕಂತನ್ನು ಮುದ್ರಿಸಿ ಕೇಳಿದಾಗ ನಮ್ಮ ಮಾತಿನ ಹಿಂದೆ ಇಡೀ ಬೀದಿಯೇ ಇತ್ತು: ಕುಕ್ಕರಿನ ಮೂರು ಕೂಗು, ಫ್ಯಾನಿನ ಗೊರಗೊರ, ಸೊಪ್ಪಿನ ಗಾಡಿಯವರ ಧ್ವನಿವರ್ಧಕ, ಎದುರು ಮನೆಯವರು ಗೇಟು ತೆಗೆದ ಸದ್ದು. ಇಷ್ಟೆಲ್ಲ ಸೆರೆಹಿಡಿದ ಆ ಮೈಕ್ ಕೆಟ್ಟದೆಂದು ನಾನು ಹೇಳಲಾರೆ. ಗೋಡೆಗಳಿಗೆ ದಪ್ಪ ಹೊದಿಕೆ ಹಾಕಿದ, ಬಾಗಿಲು ಬಿಗಿಯಾದ ಕೋಣೆಯಲ್ಲಿ ಅದೇ ಸೂಕ್ಷ್ಮತೆ ವರವಾಗುತ್ತದೆ. ಕಡಪಾ ಕಲ್ಲಿನ ನೆಲ, ಬರಿಯ ಗೋಡೆ, ಜಾಲರಿಯ ಕಿಟಕಿ ಇರುವ ನಮ್ಮಂಥ ಮನೆಗಳಲ್ಲಿ ಅದು ದನಿಗಿಂತ ಮೊದಲು ಮನೆಯನ್ನೇ ಮುದ್ರಿಸಿಕೊಳ್ಳುತ್ತದೆ. ಮೈಕ್ ಹೆಚ್ಚು ಕೇಳಿಸಿಕೊಂಡಷ್ಟೂ ಒಳ್ಳೆಯದು ಎಂದು ನಂಬಿ ಕೊಂಡ ನಮಗೆ ಬೇಕಾಗಿದ್ದದ್ದು ಕಡಿಮೆ ಕೇಳಿಸಿಕೊಳ್ಳುವ ಮೈಕ್.

ಕ್ಯೂ2ಯು ಡೈನಾಮಿಕ್ ಬಗೆಯದು. ದನಿಯ ಒತ್ತಡಕ್ಕೆ ಅದರೊಳಗಿನ ತೆಳುಪೊರೆ ಅಲುಗಾಡುತ್ತದೆ, ಆ ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ಕ್ಷೇತ್ರದಲ್ಲಿ ಚಲಿಸಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಸುರುಳಿಯ ಭಾರವನ್ನೂ ಹೊತ್ತು ಅಲುಗಬೇಕಾದ ಪೊರೆ ದೂರದ ಸಣ್ಣ ಸದ್ದಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಜೊತೆಗೆ ಇದರ ಗ್ರಹಣದ ವಿನ್ಯಾಸ ಕಾರ್ಡಿಯಾಯ್ಡ್, ಎಂದರೆ ಎದುರಿನ ದನಿಗೆ ಪೂರ್ತಿ ಕಿವಿ, ಬದಿಯ ದನಿಗೆ ಅರೆ ಕಿವಿ, ಬೆನ್ನ ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡು. ಮೈಕಿನ ಬೆನ್ನನ್ನು ಅಡುಗೆಮನೆಯ ಕಡೆಗೆ ತಿರುಗಿಸಿ, ಬಾಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಲ್ಲಿಸಿ ಮಾತನಾಡಿದಾಗ ಕುಕ್ಕರ್ ಕೂಗಿದ್ದು ತಿಳಿಯುತ್ತದೆ, ಆದರೆ ಅದು ಪಕ್ಕದ ಮನೆಯಲ್ಲಿ ಕೂಗಿದಂತೆ ಇರುತ್ತದೆ. ಕ್ಯೂ2ಯು ನನ್ನ ಮನಸ್ಸನ್ನು ಗೆದ್ದದ್ದು ಇಲ್ಲಿ.

ಹತ್ತಿರದಿಂದ ಮಾತನಾಡಬೇಕಾದ ಮೈಕಿಗೆ ಅದರದೇ ಕಷ್ಟಗಳಿವೆ, ಮತ್ತು ನಮ್ಮ ಧಾರಾವಾಹಿಯ ಹೆಸರೇ ಅದಕ್ಕೆ ಕಠಿಣವಾದ ಪರೀಕ್ಷೆ. ‘ಪಾಪ ಪಾಂಡು’ ಎಂದು ಒಮ್ಮೆ ಹೇಳಿ ನೋಡಿ. ನಾಲ್ಕು ಅಕ್ಷರಗಳಲ್ಲಿ ಮೂರು ಸಲ ತುಟಿ ಮುಚ್ಚಿ ತೆರೆಯುತ್ತದೆ, ಮೂರು ಸಲವೂ ಸಣ್ಣದೊಂದು ಗಾಳಿಯ ಗುದ್ದು ಮೈಕಿನ ಪೊರೆಗೆ ಬೀಳುತ್ತದೆ. ಕನ್ನಡದ ‘ಪ’ ಅಲ್ಪಪ್ರಾಣವಾದ್ದರಿಂದ ಅದರ ಗಾಳಿ ಮೃದು ಎಂಬುದು ನಿಜ. ಆದರೆ ಪ್ರತಿ ಕಂತಿನ ಆರಂಭದಲ್ಲಿ ಉತ್ಸಾಹದಿಂದ ಆ ಹೆಸರನ್ನು ಹೇಳುವಾಗ ಅದು ಅಲ್ಪವಾಗಿ ಉಳಿಯುವುದಿಲ್ಲ. ಡಬ್ಬಿಯಲ್ಲೇ ಬರುವ ಸ್ಪಂಜಿನ ಟೋಪಿ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧವನ್ನು ನಾವು ಮಾಡಬೇಕು: ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ, ತುಟಿಯ ಅಂಚಿನ ಕಡೆಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟರೆ ಗಾಳಿ ನೇರವಾಗಿ ಮುಂದೆ ಹೋಗುತ್ತದೆ, ದನಿ ಮೈಕಿಗೆ ಸಿಗುತ್ತದೆ. ನಾಯಕಿಯ ಹೆಸರು ಇನ್ನೊಂದು ಬಗೆಯ ಪರೀಕ್ಷೆ. ‘ಶ್ರೀಮತಿ’ಯ ‘ಶ್ರೀ’ ಕೆಲವು ಮೈಕುಗಳಲ್ಲಿ ಕಿವಿಗೆ ಸೂಜಿ ಚುಚ್ಚಿದಂತೆ ಕೇಳುತ್ತದೆ. ಈ ಮೈಕಿನಲ್ಲಿ ಅದು ದುಂಡಗೆ ಬರುತ್ತದೆ, ತಂಗಿಯ ತೆಳುವಾದ ದನಿಯಲ್ಲೂ ಅಷ್ಟೇ. ಇವೆರಡು ಹೆಸರುಗಳೂ ಹದವಾಗಿ ಬಂದದ್ದನ್ನು ಕೇಳಿದ ದಿನ, ಇನ್ನು ಈ ಕೆಲಸ ನಡೆಯುತ್ತದೆ ಎಂಬ ಧೈರ್ಯ ನಮಗೆ ಬಂತು.

ನಗುವಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಾಸ್ಯದ ಬಗ್ಗೆ ಪಾಡ್‌ಕಾಸ್ಟ್ ಮಾಡುವವರು ಎಡವುವುದು ಅಲ್ಲಿಯೇ. ಮಾತಿನ ಮಟ್ಟಕ್ಕೆ ಮೈಕಿನ ಗೇನ್, ಎಂದರೆ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ, ಹೊಂದಿಸಿಕೊಂಡು ಕೂತರೆ ಮೊದಲ ನಗುವಿಗೇ ದನಿ ಮಿತಿ ದಾಟಿ ಮೀಟರ್ ಕೆಂಪಾಗುತ್ತದೆ. ಯುಎಸ್‌ಬಿ ತಂತಿಯಲ್ಲಿ ಬಳಸುವಾಗ ಕ್ಯೂ2ಯು ತನ್ನೊಳಗೇ ದನಿಯನ್ನು 16 ಬಿಟ್, 48 ಕಿಲೋಹರ್ಟ್ಸ್ ಅಂಕಿಗಳಾಗಿ ಪರಿವರ್ತಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ಆ ಹಂತದಲ್ಲಿ ಅಲೆಯ ನೆತ್ತಿ ಕತ್ತರಿಸಿಹೋದರೆ ಮುಂದೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ನಾವು ಮುದ್ರಿಸಲು, ತಿದ್ದಲು ಬಳಸುವ ಆಡಾಸಿಟಿ ಎಂಬ ತಂತ್ರಾಂಶ, ಮಿತಿ ಮೀರಿದ ದನಿಯನ್ನೂ ಉಳಿಸಿಕೊಳ್ಳಬಲ್ಲ 32 ಬಿಟ್ ಫ್ಲೋಟ್‌ನಲ್ಲಿ ಕೆಲಸ ಮಾಡುತ್ತದೆ, ಆದ್ದರಿಂದ ಚಿಂತೆಯಿಲ್ಲ ಎಂದು ಹಲವರು ತಿಳಿಯುತ್ತಾರೆ. ಆದರೆ ಮೈಕಿನಲ್ಲೇ ಒಡೆದು ಬಂದ ನಗುವನ್ನು ಆಡಾಸಿಟಿ ಒಡೆದ ನಗುವಾಗಿಯೇ ಕಾಪಾಡುತ್ತದೆ. ನಾವು ಕಂಡುಕೊಂಡ ದಾರಿಯೆಂದರೆ ಮೊದಲು ಇಬ್ಬರೂ ಜೋರಾಗಿ ನಕ್ಕು, ಆ ನಗು ಮೀಟರಿನ ಗರಿಷ್ಠ ಮಿತಿಯಾದ ಸೊನ್ನೆಗಿಂತ ಕೆಳಗೆ, ಮೈನಸ್ 6 ಡೆಸಿಬೆಲ್ ದಾಟದಂತೆ ಗೇನ್ ಇಳಿಸಿ, ಅನಂತರ ಮಾತು ಶುರುಮಾಡುವುದು. ಮಾತು ಆಗ ಮೀಟರಿನಲ್ಲಿ ಬಹಳ ಕೆಳಗೆ ಕಾಣುತ್ತದೆ, ಕಾಣಲಿ. ಅದನ್ನು ಎತ್ತಿಕೊಳ್ಳಲು ಆಮೇಲೆ ಸಮಯವಿದೆ. ನಗು ಬಂದಾಗ ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸುವ ಅಭ್ಯಾಸ ನಮಗೆ ಐದಾರು ಕಂತುಗಳಲ್ಲಿ ತಾನಾಗಿ ಬಂತು. ಮೈಕಿನ ಬುಡದಲ್ಲಿರುವ ಹೆಡ್‌ಫೋನ್ ರಂಧ್ರ ಈ ಅಭ್ಯಾಸಕ್ಕೆ ಬಹಳ ನೆರವಾಯಿತು. ನಮ್ಮ ದನಿ ಒಂದಿಷ್ಟೂ ತಡವಾಗದೆ ನಮ್ಮ ಕಿವಿಗೇ ಬೀಳುವುದರಿಂದ ಎಷ್ಟು ಹತ್ತಿರವಾದರೆ ದನಿ ಗಡಸಾಗುತ್ತದೆ, ಎಷ್ಟು ದೂರವಾದರೆ ತೆಳುವಾಗುತ್ತದೆ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಈ ಮೈಕಿಗೆ ಎರಡು ಬಾಯಿಗಳಿವೆ, ಒಂದು ಯುಎಸ್‌ಬಿ, ಇನ್ನೊಂದು ಎಕ್ಸ್‌ಎಲ್‌ಆರ್. ಎರಡನೆಯದು ಸ್ಟುಡಿಯೋ ಉಪಕರಣಗಳಿಗೆ ಜೋಡಿಸುವ ತಂತಿಯ ಬಾಯಿ, ಕೊಳ್ಳುವಾಗ ಅದರ ಪ್ರಯೋಜನ ನನಗೆ ಗೊತ್ತಿರಲಿಲ್ಲ. ತಂಗಿ ಮೈಸೂರಿನಲ್ಲಿದ್ದಾಗ ಯುಎಸ್‌ಬಿ ಸಾಕಾಗುತ್ತದೆ. ಫೋನಿನಲ್ಲಿ ಮಾತನಾಡುತ್ತ, ಆ ಕರೆಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಅವಳು ಅವಳ ಮೈಕಿನಲ್ಲಿ, ನಾನು ನನ್ನದರಲ್ಲಿ, ಬೇರೆ ಬೇರೆಯಾಗಿ ಮುದ್ರಿಸಿಕೊಳ್ಳುತ್ತೇವೆ. ಆರಂಭದಲ್ಲಿ ಮೂರರವರೆಗೆ ಎಣಿಸಿ ಇಬ್ಬರೂ ಒಂದು ಚಪ್ಪಾಳೆ ತಟ್ಟುತ್ತೇವೆ. ಆ ಎರಡು ಚಪ್ಪಾಳೆಗಳ ಮೊನೆಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಎರಡು ಊರುಗಳ ಸಂಭಾಷಣೆ ಒಂದೇ ಕೋಣೆಯದಾಗುತ್ತದೆ. ಎರಡು ಸಾಧನಗಳ ಗಡಿಯಾರ ಕೂದಲೆಳೆಯಷ್ಟು ಬೇರೆಯಾಗಿ ನಡೆಯುವುದರಿಂದ ಗಂಟೆಯ ಕೊನೆಗೆ ದನಿಗಳು ಸ್ವಲ್ಪ ಹಿಂದೆಮುಂದೆ ಆಗುತ್ತವೆ. ಬೇರೆ ವಿಷಯದ ಪಾಡ್‌ಕಾಸ್ಟಿಗೆ ಅದು ಲೆಕ್ಕಕ್ಕೆ ಬಾರದಿರಬಹುದು, ಆದರೆ ನಮ್ಮಲ್ಲಿ ಮಾತು ಮುಗಿಯುವ ಮೊದಲೇ ನಗು ಕೇಳಿಸಿದರೆ ಆ ಮಾತು ಸತ್ತಂತೆ. ಅದಕ್ಕಾಗಿ ಕೊನೆಯಲ್ಲೂ ಒಂದು ಚಪ್ಪಾಳೆ ತಟ್ಟಿ, ಮಧ್ಯದ ಯಾವುದಾದರೂ ಮೌನದಲ್ಲಿ ಕತ್ತರಿಸಿ ಸರಿಹೊಂದಿಸುತ್ತೇನೆ.

ತಂಗಿ ಬೆಂಗಳೂರಿಗೆ ಬಂದಾಗ ಕಥೆ ಬೇರೆ. ಎರಡು ಯುಎಸ್‌ಬಿ ಮೈಕುಗಳನ್ನು ಒಂದೇ ಕಂಪ್ಯೂಟರಿಗೆ ಸಿಕ್ಕಿಸಿದರೆ ಎರಡೂ ಮುದ್ರಣವಾಗುತ್ತವೆ ಎಂದು ನಾವು ತಿಳಿದಿದ್ದೆವು. ಆಡಾಸಿಟಿ ಒಂದು ಸಲಕ್ಕೆ ಒಂದೇ ಸಾಧನದಿಂದ ಮುದ್ರಿಸಿಕೊಳ್ಳುತ್ತದೆ. ಮ್ಯಾಕ್ ಇರುವವರು ಎರಡು ಸಾಧನಗಳನ್ನು ಒಂದಾಗಿ ಕಾಣುವಂತೆ ವ್ಯವಸ್ಥೆ ಮಾಡಿಕೊಳ್ಳಬಹುದು. ವಿಂಡೋಸಿನಲ್ಲಿ ಅದಕ್ಕೆ ಬೇರೆ ತಂತ್ರಾಂಶಗಳ ಸಹಾಯ ಬೇಕು. ಎಕ್ಸ್‌ಎಲ್‌ಆರ್ ಬಾಯಿ ಕೈಹಿಡಿದದ್ದು ಆಗ. ಎರಡು ಚಾನೆಲ್ಲಿನ, ಮೈಕುಗಳ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಒಂದು ಆಡಿಯೋ ಇಂಟರ್‌ಫೇಸ್ ಕೊಂಡು ಎರಡೂ ಮೈಕುಗಳನ್ನು ಅದಕ್ಕೆ ಜೋಡಿಸಿದೆವು, ಮುದ್ರಣವಾದ ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ ಟ್ರ್ಯಾಕುಗಳಾಗಿ ಸೀಳಿದರೆ ನನ್ನ ದನಿ ಬೇರೆ, ಅವಳ ದನಿ ಬೇರೆ. ಹೊಸ ಮೈಕ್ ಕೊಳ್ಳುವ ಅಗತ್ಯವೇ ಬೀಳಲಿಲ್ಲ. ಒಂದೇ ಮೇಜಿನಲ್ಲಿ ಕೂರುವವರು ಒಂದು ನಿಯಮ ನೆನಪಿಡಬೇಕು: ಬಾಯಿಗೂ ಮೈಕಿಗೂ ಎಷ್ಟು ಅಂತರವೋ ಎರಡು ಮೈಕುಗಳ ನಡುವೆ ಅದರ ಮೂರರಷ್ಟಾದರೂ ಅಂತರವಿರಬೇಕು, ಇಲ್ಲವಾದರೆ ಒಬ್ಬರ ದನಿ ಇನ್ನೊಬ್ಬರ ಮೈಕಿನಲ್ಲೂ ಬಿದ್ದು ಡಬ್ಬಿಯೊಳಗಿಂದ ಮಾತನಾಡಿದಂತಾಗುತ್ತದೆ.

ಮುದ್ರಿಸಿದ್ದನ್ನು ತಿದ್ದುವುದಕ್ಕೆ ನಾವು ಬಳಸುವುದು ಆಡಾಸಿಟಿಯನ್ನೇ. 2000ದಿಂದ ಜನರ ಕೈಯಲ್ಲಿರುವ ಈ ಮುಕ್ತ ತಂತ್ರಾಂಶಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ ಎಂಬುದು ನಮ್ಮಂಥವರಿಗೆ ದೊಡ್ಡ ಉಪಕಾರ. ಕ್ಯೂ2ಯುವಿನ ದನಿಗೆ ಹೆಚ್ಚಿನ ಚಿಕಿತ್ಸೆ ಬೇಕಾಗುವುದಿಲ್ಲ. 80 ಹರ್ಟ್ಸಿನಲ್ಲಿ, ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುವ ಹೈ ಪಾಸ್ ಫಿಲ್ಟರ್ ಹಾಕಿದರೆ ಉಳಿದಿದ್ದ ‘ಪ’ಕಾರದ ಗುದ್ದುಗಳೂ ಮೇಜಿನ ಅದುರೂ ಹೋಗುತ್ತವೆ, ಹಗುರವಾದ ಕಂಪ್ರೆಸರ್ ಮಾತನ್ನೂ ನಗುವನ್ನೂ ಹತ್ತಿರ ತರುತ್ತದೆ, ಕೊನೆಗೆ ಇಡೀ ಕಂತಿನ ದನಿಯ ಜೋರನ್ನು ಒಂದು ಮಟ್ಟಕ್ಕೆ ತರುವ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್ ಎಂಬ ಅಳತೆ ನಮೂದಿಸಿದರೆ ಬಸ್ಸಿನಲ್ಲಿ ಕೂತು ಕೇಳುವವರಿಗೂ ಸಾಕಷ್ಟು ಜೋರಾಗಿರುತ್ತದೆ. ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಬೇಕು. ಗದ್ದಲ ತೆಗೆಯುವ ಸೌಲಭ್ಯವನ್ನು ಅತಿಯಾಗಿ ಬಳಸಿದರೆ ನಗುವಿನ ಬಾಲ ನೀರಿನಲ್ಲಿ ಮುಳುಗಿದಂತೆ ಕೇಳುತ್ತದೆ. ಮೌನವನ್ನು ತಾನೇ ಹುಡುಕಿ ಕತ್ತರಿಸುವ ಸೌಲಭ್ಯವನ್ನಂತೂ ಹಾಸ್ಯದ ಪಾಡ್‌ಕಾಸ್ಟಿನವರು ಮುಟ್ಟಲೇಬಾರದು. ಮೂರನೆಯ ಕಂತಿನಲ್ಲಿ ನಾನು ಅದನ್ನು ಬಳಸಿ, ಪಾಂಡು ಉತ್ತರ ಕೊಡುವ ಮೊದಲು ಉಗುಳು ನುಂಗುವ ಆ ವಿರಾಮವನ್ನು ತಂಗಿ ಅಷ್ಟು ಚೆನ್ನಾಗಿ ಅಭಿನಯಿಸಿ ತೋರಿಸಿದ್ದನ್ನೇ ಅಳಿಸಿಬಿಟ್ಟಿದ್ದೆ. ಅದನ್ನು ಕೈಯಿಂದ ಮರಳಿ ಜೋಡಿಸಲು ಒಂದು ಸಂಜೆ ಬೇಕಾಯಿತು.

ಅಭಿನಯಿಸಿ ತೋರಿಸುವುದು ಎಂದೆನಲ್ಲ, ಧಾರಾವಾಹಿಯ ಧ್ವನಿಯ ತುಣುಕುಗಳನ್ನು ನಾವು ಹಾಕುವುದು ಬಹಳ ಅಪರೂಪ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ವಿಮರ್ಶೆಗಾಗಿ ನ್ಯಾಯಯುತವಾದ ಬಳಕೆಗೆ ಅವಕಾಶ ಕೊಡುತ್ತದೆ, ಆದರೆ ಇಷ್ಟು ಸೆಕೆಂಡು ಹಾಕಬಹುದು ಎಂಬ ಅಳತೆಯನ್ನು ಅದು ಕೊಟ್ಟಿಲ್ಲ. ಆದ್ದರಿಂದ ಸಂದರ್ಭವನ್ನು ವಿವರಿಸಿ, ದನಿಯ ಏರಿಳಿತವನ್ನು ನಾವೇ ಮಾಡಿ ತೋರಿಸುತ್ತೇವೆ. ತಂಗಿ ಶ್ರೀಮತಿಯಂತೆ ಗದರಿಸುವುದನ್ನೂ ಮರುಕ್ಷಣವೇ ಪಾಂಡುವಿನಂತೆ ಗುಣುಗುವುದನ್ನೂ ಇದೇ ಮೈಕ್ ಹಿಡಿಯಬೇಕು. ಗದರಿಕೆ ಅದಕ್ಕೆ ಸುಲಭ, ಗುಣುಗುಟ್ಟಲು ಮಾತ್ರ ಬಾಯಿಯನ್ನು ಎರಡು ಬೆರಳಿನ ಹತ್ತಿರಕ್ಕೆ ತರಬೇಕು. ಹಾಗೆ ತಂದಾಗ ದನಿಯ ತಗ್ಗು ಸ್ವರಗಳು ತುಂಬಿಕೊಂಡು, ಪಾಂಡು ನಮ್ಮ ಕಿವಿಯಲ್ಲೇ ತನ್ನ ಕಷ್ಟ ಹೇಳಿಕೊಳ್ಳುತ್ತಿರುವಂತೆ ಆಗುತ್ತದೆ. ಈ ಗುಣ ನನಗೆ ಬಹಳ ಪ್ರಿಯ.

ಕೊರತೆಗಳೆಂದರೆ ಇಂಥ ಮೈಕುಗಳಿಗೆಲ್ಲ ಸಹಜವಾದವು. ದೂರ ಕೂತು ಆರಾಮವಾಗಿ ಹರಟುವವರಿಗೆ ಡೈನಾಮಿಕ್ ಮೈಕ್ ಹೊಂದುವುದಿಲ್ಲ. ಒಂದು ಕಂತಿನಲ್ಲಿ ಅಪ್ಪ ಸೋಫಾದಲ್ಲಿ ಒರಗಿ ಕೂತು ಹೇಳಿದ ನೆನಪುಗಳು ಬಾವಿಯೊಳಗಿಂದ ಬಂದಂತಿದ್ದವು. ಜೊತೆಗೆ ಬರುವ ಮೇಜಿನ ಸ್ಟ್ಯಾಂಡ್ ಆರಂಭಕ್ಕೆ ಸಾಕು, ಆದರೆ ಮೇಜಿನ ಮೇಲೆ ನಿಲ್ಲುವ ಯಾವ ಸ್ಟ್ಯಾಂಡ್ ಆದರೂ ಮೇಜನ್ನು ಕುಟ್ಟಿ ನಗುವವರ ಕೈಯ ಸದ್ದನ್ನು ಮೈಕಿಗೆ ಏರಿಸುತ್ತದೆ. ಮೇಜಿನ ಅಂಚಿಗೆ ಬಿಗಿಯುವ ಉದ್ದನೆಯ ತೋಳೊಂದನ್ನು ಕೊಂಡು, ಅದರ ಬುಡಕ್ಕೆ ಹಳೆಯ ಟವೆಲ್ ಮಡಿಸಿ ಇಟ್ಟ ಮೇಲೆ ನಮಗೆ ಆ ತೊಂದರೆ ಕಡಿಮೆಯಾಗಿದೆ.

ಬೆಲೆ ಮಾರಾಟಗಾರರಿಂದ ಮಾರಾಟಗಾರರಿಗೆ ಬದಲಾಗುವುದರಿಂದ ಅಂಕಿ ಬರೆಯುತ್ತಿಲ್ಲ. ಆದರೆ ಕೊಳ್ಳುವಾಗ ಒಂದನ್ನು ಗಮನಿಸಿ: ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ತಂತಿಗಳು, ಸ್ಟ್ಯಾಂಡ್, ಹಿಡಿಕೆ, ಸ್ಪಂಜಿನ ಟೋಪಿ ಎಲ್ಲವೂ ಡಬ್ಬಿಯಲ್ಲೇ ಬರುತ್ತವೆ, ಅವನ್ನು ಬೇರೆಯಾಗಿ ಮಾರಲು ಬಂದವರಿಗೆ ಬೇಡವೆನ್ನಿ. ಇಬ್ಬರಿದ್ದರೂ ಮೊದಲು ಒಂದನ್ನೇ ಕೊಂಡು, ನಿಮ್ಮ ಮನೆಯ ಗದ್ದಲದಲ್ಲೇ ಕೂತು, ನಿಮ್ಮ ಧಾರಾವಾಹಿಯ ಹೆಸರನ್ನು ಹತ್ತು ಸಲ ಹೇಳಿ ಕೇಳಿಸಿಕೊಳ್ಳಿ. ಎರಡನೆಯದನ್ನು ಆಮೇಲೆ ತರಿಸಬಹುದು. ತಂಗಿಯ ಮೈಕನ್ನು ನಾವು ತರಿಸಿದ್ದು ನಾಲ್ಕನೆಯ ಕಂತಿನ ನಂತರ.